ಟವಲ್ ಒಳಗಿನ ರೇಟಿಗೆ ದಾಖಲೆ ಎಲ್ಲಿ?

ಹೋದ ತಿಂಗಳು ನಾನು ಆದಾಯ ತೆರಿಗೆ ಇಲಾಖೆಗೆ ಒಂದು ಟವಲ್ ಕಳಿಸುವುದೊಂದೇ ಬಾಕಿ ಇತ್ತು.

ತಮಾಷೆ ಅಲ್ಲ. ಕೆಂಪು ಅಂಚಿನ ಟವಲ್. ಬೆವರು, ಬೀಡಿ ವಾಸನೆ, ಎತ್ತಿನ ಜೊಲ್ಲು ಮೂರೂ ಹತ್ತಿದ್ದು. ಅದನ್ನು ಪಿಡಿಎಫ್ ಮಾಡಲು ಬರುವಂತಿದ್ದರೆ ಮಾಡಿಯೇ ಬಿಡುತ್ತಿದ್ದೆ. ಯಾಕೆಂದರೆ ಇಲಾಖೆ ಕೇಳಿದ 'ಪೂರಕ ದಾಖಲೆ' ಅಂತ ನನ್ನ ವ್ಯಾಪಾರಕ್ಕೆ ಇದ್ದದ್ದು ಅದೊಂದೇ.

ಮೊದಲಿಂದ ಹೇಳ್ತೀನಿ.

ಈ ಅಂಕಣ ಓದುವವರಿಗೆ ಗೊತ್ತು, ಚನ್ನರಾಯಪಟ್ಟಣದಲ್ಲಿ ನನ್ನದೊಂದು ಪಂಪ್‌ಸೆಟ್ ಅಂಗಡಿ. ದಂಡಿಗನಹಳ್ಳಿ ಕಡೆ ಒಂದಿಷ್ಟು ಹೊಲ. ಹೊಲದಲ್ಲಿ ಟ್ರ್ಯಾಕ್ಟರ್ ಓಡಾಡುತ್ತೆ. ಆದರೂ ಒಂದು ಜೋಡಿ ಹಳ್ಳಿಕಾರ್ ಎತ್ತು ಸಾಕಿದ್ದೆ. ಮುತ್ತ, ರತ್ನ. ಉಳುವುದಕ್ಕೆ ಕಮ್ಮಿ, ನಿಂತು ನೋಡುವುದಕ್ಕೆ ಜಾಸ್ತಿ. ಕೆಲವರಿಗೆ ಐವತ್ತು ದಾಟಿದ ಮೇಲೆ ದೊಡ್ಡ ಬೈಕಿನ ಶೋಕಿ ಬರುತ್ತೆ, ನಮ್ಮ ಕಡೆ ಎತ್ತಿನ ಶೋಕಿ ಬರುತ್ತೆ. (ಎತ್ತು ಪೆಟ್ರೋಲ್ ಕೇಳಲ್ಲ ನಿಜ. ಹುರುಳಿ ಕೇಳುತ್ತೆ, ಹಿಂಡಿ ಕೇಳುತ್ತೆ, ಬೆಣ್ಣೆಯನ್ನೂ ಕೇಳುತ್ತೆ. ಕೂತು ಲೆಕ್ಕ ಹಾಕಿದರೆ ಪೆಟ್ರೋಲೇ ಅಗ್ಗ.)

ಆ ಜೋಡಿಯನ್ನು ಮಾರಿದೆ. ಸಂತೆಯಲ್ಲಿ, ಕ್ರಮ ಪ್ರಕಾರ, ಟವಲ್ ಒಳಗೆ.

ಪೇಟೆಯ ಓದುಗರಿಗೆ ಒಂದು ಮಾತು. ದನದ ಸಂತೆಯಲ್ಲಿ ರೇಟನ್ನು ಬಾಯಿಂದ ಹೇಳುವುದಿಲ್ಲ. ದಳ್ಳಾಳಿ ತನ್ನ ಹೆಗಲ ಮೇಲಿನ ಟವಲ್ ತೆಗೆದು ನಿಮ್ಮ ಕೈ ಮೇಲೆ ಹಾಕುತ್ತಾನೆ. ಒಳಗೆ ಬೆರಳು ಹಿಡಿಯುತ್ತಾನೆ. ಇಷ್ಟು ಬೆರಳು ಹಿಡಿದರೆ ಇಷ್ಟು. ಬೇಡ ಅಂದರೆ ಕೈ ಕೊಡವಿ. ಸರಿ ಅಂದರೆ ಅದುಮಿ. ಆಮೇಲೆ ಅದೇ ಟವಲ್ ಕೊಳ್ಳುವವನ ಕೈ ಮೇಲೆ. ಸುತ್ತ ಜನ ನಿಂತಿರುತ್ತಾರೆ, ಅವರಿಗೆ ಕಾಣುವುದು ಮೂವರ ಮುಖ ಮತ್ತು ಒಂದು ಟವಲ್. ಎಂಥಾ ವ್ಯವಸ್ಥೆ! ಬ್ಯಾಂಕಿನವರ ಪಾಸ್‌ವರ್ಡ್ ಸೋರಬಹುದು, ಇದು ಸೋರಲ್ಲ.

ಕೊಂಡವರು ಅರಕಲಗೂಡು ಕಡೆಯ ತಿಮ್ಮೇಗೌಡರು. ದಳ್ಳಾಳಿ ಹೊಳೆನರಸೀಪುರದ ರಂಗಪ್ಪ. ವ್ಯಾಪಾರ ಕುದುರಿತು, ನೋಟು ಕೈಗೆ ಬಂತು, ಮಾರನೇ ದಿನ ಬ್ಯಾಂಕಿಗೆ ಕಟ್ಟಿದೆ. ಇಲ್ಲಿಯವರೆಗೆ ಎಲ್ಲಾ ಸರಿ.

ಸರಿ ಇಲ್ಲದ್ದು ಇಷ್ಟೇ. ಸಂತೆಯಲ್ಲಿ ಒಬ್ಬ ಚಾನೆಲ್‌ನವನಿದ್ದ. ಈಗ ಎತ್ತಿಗೊಂದು ಚಾನೆಲ್ ಇದೆಯಲ್ಲ, ಆ ಪೈಕಿ. ಮೊಬೈಲ್ ಹಿಡಿದು ನನ್ನ ಮುಂದೆ ನಿಂತು, "ಅಣ್ಣಾ, ಜೋಡಿ ಎಷ್ಟಕ್ಕೋಯ್ತು?" ಅಂದ. ನನ್ನ ಕೊರಳಲ್ಲಿ ಹಾರ, ಎಡಕ್ಕೆ ಮುತ್ತ, ಬಲಕ್ಕೆ ರತ್ನ. ಅಂಥ ಹೊತ್ತಲ್ಲಿ ಯಾವ ಗಂಡಸು ನಿಜವಾದ ರೇಟ್ ಹೇಳ್ತಾನೆ? ದುಪ್ಪಟ್ಟು ಹೇಳಿದೆ. ಎಲ್ಲರೂ ಹಾಗೇ ಹೇಳೋದು. ಅದು ಸುಳ್ಳಲ್ಲ, ಎತ್ತಿಗೆ ತೋರಿಸುವ ಗೌರವ.

ಆಮೇಲೆ ರಿಟರ್ನ್ ಹಾಕುವ ಕಾಲ ಬಂತು.

ಹಾಸನದಲ್ಲಿ ನಮ್ಮ ಆಡಿಟರ್ ಶ್ರುತಿ ಮೇಡಂ. ಚಿಕ್ಕ ವಯಸ್ಸು, ದೊಡ್ಡ ಫೀಸು. ಅವರ ಆಫೀಸಿಗೆ ನಾನು ಒಂದು ಫೈಲ್ ತುಂಬ ಕಾಗದ ಹೊತ್ತುಕೊಂಡು ಹೋದೆ. ಕರೆಂಟ್ ಬಿಲ್ಲು, ಹುರುಳಿ ಅಂಗಡಿ ಚೀಟಿ, ಎತ್ತಿಗೆ ಲಸಿಕೆ ಹಾಕಿಸಿದ್ದು, ಎತ್ತಿನ ಜೊತೆ ನಾನು ತೆಗೆಸಿಕೊಂಡ ಫೋಟೋ.

"ಇವೆಲ್ಲ ಯಾಕೆ ಸರ್?"

"ಲಗತ್ತಿಸೋಕೆ."

"ಈಗ ರಿಟರ್ನ್ ಜೊತೆ ಏನೂ ಲಗತ್ತಿಸೋ ಹಾಗಿಲ್ಲ. ಜಾಗವೇ ಇಲ್ಲ. ಎಲ್ಲಾ ಆನ್‌ಲೈನು. ಕೇಳಿದ್ರೆ ಆಗ ಕೊಡೋಣ."

ನೋಡಿ ಎಷ್ಟು ಒಳ್ಳೇ ಸರ್ಕಾರ! ಏನೂ ಕೊಡಬೇಡಿ, ನಿಮ್ಮನ್ನು ನಂಬಿದ್ದೇವೆ ಅನ್ನುತ್ತೆ. ನಾನು ಖುಷಿಯಾಗಿ ಮನೆಗೆ ಬಂದು ಆ ಫೈಲ್ ಖಾಲಿ ಮಾಡಿ, ಅದರೊಳಗೆ ಅಂಗಡಿಯ ವಾರಂಟಿ ಕಾರ್ಡ್ ತುಂಬಿದೆ.

ಅಲ್ಲೇ ತಪ್ಪಿದ್ದು. ನಂಬಿದ್ದೇವೆ ಅಂದವರು ಮರೆತಿದ್ದೇವೆ ಅಂತ ಹೇಳಿರಲಿಲ್ಲ.

ನೋಟಿಸ್ ಬಂತು. ಪೋಸ್ಟಿನಲ್ಲಲ್ಲ, ಮೊಬೈಲಿಗೆ. ನಿಮ್ಮ ಖಾತೆಗೆ ಕಟ್ಟಿದ ಈ ನಗದಿನ ಮೂಲ ಯಾವುದು, ವಿವರಣೆ ಕೊಡಿ, ಪೂರಕ ದಾಖಲೆ ಲಗತ್ತಿಸಿ ಅಂತ. ಜೊತೆಗೆ ಕೊನೇ ದಿನಾಂಕ. ಮೇಡಂಗೆ ಫೋನ್ ಮಾಡಿದೆ. "ಮೂಲ ತೋರಿಸದಿದ್ರೆ ಏನಾಗುತ್ತೆ?"

"ಮೂಲ ಹೇಳದ ನಗದಿಗೆ ಟ್ಯಾಕ್ಸ್ ಬೇರೆ ಥರ ಸರ್. ಅರ್ಧಕ್ಕಿಂತ ಜಾಸ್ತಿ ಹೋಗುತ್ತೆ."

ಮುತ್ತ ಪೂರ್ತಿ ಹೋದ, ರತ್ನನ ಕೊಂಬೂ ಹೋಯಿತು ಅಂತ ಅರ್ಥ. ನಾನು ಸಂತೆಯಲ್ಲಿ ಹಗ್ಗ ಮಾರಿ ಮೇಲೆ ಬಂದವನು. ಹಗ್ಗದ ಮೇಲೆ ಎಂಟಾಣೆಗೂ ಚೌಕಾಸಿ ಮಾಡಿದವನು. ಒಂದಿಡೀ ಎತ್ತನ್ನು ಹೇಗೆ ಬಿಡಲಿ?

ಆ ಸಂಜೆ ಕೂತು ವಿವರಣೆ ಬರೆದೆ. ಮುತ್ತ ಕರುವಾಗಿದ್ದಾಗಿಂದ ಶುರು ಮಾಡಿದೆ. ಮಾರನೇ ದಿನ ಹಾಸನಕ್ಕೆ ಒಯ್ದೆ. ಮೇಡಂ ಅದನ್ನು ಇಲಾಖೆಯ ಪೋರ್ಟಲ್‌ನ ಬಾಕ್ಸಿಗೆ ಹಾಕಿ ನೋಡಿದರು. ಕೊಂಬಿನ ವರ್ಣನೆ ಮುಗಿಯುವಷ್ಟರಲ್ಲಿ ಬಾಕ್ಸ್ ತುಂಬಿತು. ಎತ್ತು ಇನ್ನೂ ಕೊಟ್ಟಿಗೆಯಲ್ಲೇ ಇತ್ತು, ಸಂತೆಗೆ ಹೊರಟಿರಲಿಲ್ಲ.

"ಕೇಳಿದ್ದಕ್ಕೆ ಮಾತ್ರ ಉತ್ತರ ಸರ್. ಯಾರಿಗೆ ಮಾರಿದ್ರಿ, ಯಾವತ್ತು, ಎಷ್ಟಕ್ಕೆ. ಬಿಲ್ ಇದೆಯಾ?"

"ಎತ್ತಿಗೆ ಬಿಲ್ಲಾ ಮೇಡಂ?"

"ಕೊಂಡವರ ಪೂರ್ತಿ ಹೆಸರು?"

"ತಿಮ್ಮೇಗೌಡ್ರು."

"ಇನಿಷಿಯಲ್?"

"ಅರಕಲಗೂಡು ಕಡೆಯೋರು."

"ನಾನು ಇನಿಷಿಯಲ್ ಕೇಳಿದ್ದು. ಹೋಗಲಿ, ರೇಟಿಗೆ ಸಾಕ್ಷಿ ಯಾರಾದ್ರೂ?"

"ರಂಗಪ್ಪ ಇದಾನೆ. ದಳ್ಳಾಳಿ. ಅವನ ಕೈಗೆ ಗೊತ್ತು."

ಮೇಡಂ ಕೀಬೋರ್ಡ್ ಬದಿಗೆ ತಳ್ಳಿದರು. ಆಮೇಲೆ ತಮ್ಮ ಮೊಬೈಲ್ ನನ್ನ ಕಡೆ ತಿರುಗಿಸಿದರು. ಅದರಲ್ಲಿ ನಾನಿದ್ದೆ. ಹಾರ ಹಾಕಿಕೊಂಡು, ಹಲ್ಲು ಬಿಟ್ಟುಕೊಂಡು, ದುಪ್ಪಟ್ಟು ಹೇಳುತ್ತಿದ್ದೆ.

"ಇದೂ ನೀವೇ ಅಲ್ವಾ ಸರ್?"

"ಅದು... ಅದು ಬಾಯಿ ರೇಟು ಮೇಡಂ."

"ಇದನ್ನ ಲಗತ್ತಿಸಿದ್ರೆ ಕಟ್ಟಿದ ದುಡ್ಡಿಗೆ ಮೂಲ ಸಿಗುತ್ತೆ. ಮಿಕ್ಕ ಅರ್ಧ ಎಲ್ಲಿಟ್ಟಿದ್ದೀರಿ ಅಂತ ಇನ್ನೊಂದು ನೋಟಿಸ್ ಬರುತ್ತೆ. ಬೇಕಾ?"

ಬೇಡ ಅಂದೆ. ಕೊಂಡವರಿಂದ ರೇಟ್ ಸಮೇತ ಒಂದು ಪತ್ರ, ಸಹಿ, ಆಧಾರ್ ನಕಲು. ಇಷ್ಟು ತನ್ನಿ ಅಂದರು. ನಾನು ಹೊರಟೆ.

ಮೊದಲು ಹೊಳೆನರಸೀಪುರ. ರಂಗಪ್ಪ ಟೀ ಅಂಗಡಿ ಬೆಂಚಿನ ಮೇಲೆ ಕೂತಿದ್ದ. ಹೆಗಲ ಮೇಲೆ ಅದೇ ಟವಲ್. ವಿಷಯ ಹೇಳಿದೆ. ಅವನು ಟೀ ಲೋಟ ಕೆಳಗಿಟ್ಟ.

"ನಾನು ಬರ್ದುಕೊಡಾದಾ? ಟವಲ್ ಒಳಗಿನ್ ಮಾತ? ಏನಣ್ಣಾ, ನನ್ ಹೊಟ್ಟೆ ಮೇಲ್ ಹೊಡಿಯಕ್ ಬಂದಿದ್ದೀಯಾ?"

"ಒಂದ್ ಸಾಲು ಕಣೋ ರಂಗಪ್ಪ."

"ಇವತ್ ನಿಂಗೆ ಒಂದ್ ಸಾಲು ಬರ್ಕೊಟ್ರೆ, ನಾಳೆ ಸಂತೇಲಿ ಯಾವನ್ ನಂಗ್ ಕೈ ಕೊಡ್ತಾನೆ? ಬೆರ್ಳು ಇಡೀತಿದ್ದಂಗೇ 'ಇವ್ನು ಟ್ಯಾಕ್ಸ್‌ನೋರ್ಗೆ ಬರ್ಕೊಡ್ತಾನೆ ಕಣ್ಲಾ' ಅಂತ ಓಡೋಯ್ತಾರೆ." ಆಮೇಲೆ ಅವನಿಗೇ ಪಾಪ ಅನ್ನಿಸಿತೋ ಏನೋ, ಹೆಗಲಿಂದ ಟವಲ್ ಎಳೆದು ನನ್ನ ಮಡಿಲಿಗೆ ಹಾಕಿದ. "ತಗೋ. ಬೇಕಾರೆ ಇದ್ನೇ ತಗಂಡೋಗಿ ಅಂಟ್ಸು. ಅವ್ರೂ ಕೈ ಆಕಿ ನೋಡ್ಕಳ್ಲಿ."

ಟೀ ಅಂಗಡಿ ಪೂರ್ತಿ ನಕ್ಕಿತು. ನಾನು ಟವಲ್ ವಾಪಸ್ ಕೊಡಲಿಲ್ಲ. (ಪುಕ್ಕಟೆ ಬಂದದ್ದನ್ನು ವಾಪಸ್ ಕೊಡುವ ಅಭ್ಯಾಸ ನನಗಿಲ್ಲ.) ಅದನ್ನೇ ಹೆಗಲಿಗೆ ಹಾಕಿಕೊಂಡು ಅರಕಲಗೂಡು ಬಸ್ ಹತ್ತಿದೆ.

ತಿಮ್ಮೇಗೌಡರು ಊರ ಬಾಗಿಲಲ್ಲೇ ಸಿಕ್ಕರು. ನನ್ನ ಮುಖ ನೋಡಿ ಖುಷಿಪಟ್ಟರು. ವಿಷಯ ಕೇಳಿ ಬಿಳಿಚಿಕೊಂಡರು. ತೋಳು ಹಿಡಿದು ರಾಗಿ ಮೆದೆ ಹಿಂದಕ್ಕೆ ಎಳೆದುಕೊಂಡು ಹೋದರು.

"ರೇಟ್ ಬರೀಬ್ಯಾಡಿ ಅಣ್ಣಾ. ಬ್ಯಾರೆ ಏನ್ ಬೇಕಾರೂ ಬರ್ಕಳಿ."

"ರೇಟ್ ಇಲ್ದೆ ಪತ್ರ ಯಾಕೆ ಗೌಡ್ರೇ?"

"ಮನೇಲಿ ಅರ್ಧ ಯೋಳಿವ್ನಿ."

ಗೊತ್ತಾಯಿತಲ್ಲ? ಮಾರಿದವನು ಊರಿಗೆ ದುಪ್ಪಟ್ಟು ಹೇಳ್ತಾನೆ. ಕೊಂಡವನು ಹೆಂಡತಿಗೆ ಅರ್ಧ ಹೇಳ್ತಾನೆ. ಒಂದೇ ಜೋಡಿ ಎತ್ತಿಗೆ ಮೂರು ರೇಟು. ಬಾಯಿ ರೇಟು, ಮನೆ ರೇಟು, ಟವಲ್ ರೇಟು. ಮೂರೂ ಸುಖವಾಗಿ ಸಂಸಾರ ಮಾಡಿಕೊಂಡಿದ್ದವು. ಮಧ್ಯೆ ಇಲಾಖೆ ಬಂದು 'ಒಂದೇ ಹೇಳಿ' ಅಂದರೆ?

"ಮಿಕ್ಕ ಅರ್ಧ ಎಲ್ಲಿಂದ ತಂದ್ರಿ?"

"ಶುಂಠಿ ದುಡ್ಡು. ಶುಂಠಿ ರೇಟ್ ಬಿದ್ದೋಯ್ತು ಅಂತ ಯೋಳಿದ್ದೆ."

ನಾನು ಟವಲ್ ತೆಗೆದು ಅವರ ಕೈ ಮೇಲೆ ಹಾಕಿದೆ. ಬೆರಳು ಹಿಡಿದೆ. ನಿಜವಾದ ರೇಟು. ಅವರು ಕೊಡವಿದರು. ಅವರು ನನ್ನ ಬೆರಳು ಹಿಡಿದರು. ಮನೆ ರೇಟು. ನಾನು ಕೊಡವಿದೆ. ಮೆದೆ ಹಿಂದೆ ಇಬ್ಬರು ಗಂಡಸರು ಹೀಗೆ ಒಂದು ಟವಲ್ ಕೆಳಗೆ ಕೈ ಹಿಡಿದುಕೊಂಡು ನಿಂತದ್ದನ್ನು ದಾರಿಯಲ್ಲಿ ಹೋಗುವ ಹೆಂಗಸರು ನೋಡಿದರು. ನೋಡಲಿ. ನನ್ನ ಒಂದು ಎತ್ತು ಆ ಟವಲ್ ಕೆಳಗಿತ್ತು.

ಕೊನೆಗೆ ಗೌಡರು ಅದುಮಿದರು. ಸಹಿ ಹಾಕ್ತೀನಿ, ಆದರೆ ಇಲ್ಲೇ, ಈ ಮೆದೆ ಹಿಂದೆ ಅಂದರು. ಪತ್ರ ಬರೆದೆ. ಪೆನ್ ಕೊಟ್ಟೆ.

"ಆಧಾರ್ ನಕಲು ಕೊಡಿ."

ಗೌಡರ ಕೈ ಪೆನ್ ಸಮೇತ ನಿಂತಿತು. "ಆಧಾರು ಬೀರೂಲೈತೆ. ಬೀಗದ ಕೈ ಸಾಕಮ್ಮನ ಸೊಂಟ್ದಲೈತೆ."

ಇನ್ನೇನು ಮಾಡುವುದು? ಇಬ್ಬರೂ ಮನೆಗೆ ನಡೆದೆವು. ಅಷ್ಟು ನಿಧಾನವಾಗಿ ಗೌಡರ ಎತ್ತುಗಳೂ ನಡೆದಿರಲಾರವು.

ಗೌಡರ ಹೆಂಡತಿ ಸಾಕಮ್ಮ ಊರಿನ ಹಾಲಿನ ಡೇರಿ ಕಾರ್ಯದರ್ಶಿ. ಹಾಲಿಗೆ ನೀರು ಬೆರೆಸಿದವರನ್ನು ಮುಖ ನೋಡಿ ಹಿಡಿಯುತ್ತಾರಂತೆ, ಯಂತ್ರ ಆಮೇಲೆ. ಕಾಫಿ ಕೊಟ್ಟರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವೇ ಅಲ್ವಾ ವಿಡಿಯೋದಲ್ ಬಂದಿದ್ದು?"

ಕಾಫಿ ಬಿಸಿ ಇತ್ತು. ಹಾಗೇ ನುಂಗಿದೆ.

"ಏನ್ ರೇಟು! ಏನ್ ನಗಾ! ಹಾರ ಬ್ಯಾರೆ!" ಅಂದರು. ಗಂಡನ ಕಡೆ ತಿರುಗಿದರು. "ಏನ್ ಕಾಗ್ದ ಅದು, ಕೈಯಲ್ಲಿ?"

ಗೌಡರು ನನ್ನ ಮುಖ ನೋಡಿದರು. ನಾನು ಕ್ಯಾಲೆಂಡರ್ ನೋಡಿದೆ. ಸಾಕಮ್ಮ ಕಾಗದ ಕಿತ್ತುಕೊಂಡು ಓದಿದರು. ರೇಟ್ ಇದ್ದ ಸಾಲಿಗೆ ಬಂದು ನಿಂತರು. ಮತ್ತೆ ಓದಿದರು.

"ಇಷ್ಟೇನಾ?"

ಗೌಡರಿಗೆ ಅರ್ಥವಾಗಲಿಲ್ಲ. ನನಗಂತೂ ಆಗಲೇ ಇಲ್ಲ.

"ವಿಡಿಯೋದಲ್ಲಿ ಇದ್ರ ಎಲ್ಡಷ್ಟು ಯೋಳವ್ರೆ! ಅಷ್ಟು ಸುರ್‌ದ್ಬುಟ್ಟು ಬಂದು ನನ್ನತ್ರ ಕಮ್ಮಿ ಯೋಳ್ತಾವ್ನೆ ಅಂದ್ಕಂಡಿದ್ದೆ ನಾನು. ಅವತ್ತಿಂದ ಈ ಮನೇಲಿ ಭಾನುವಾರ ಕೋಳಿ ಯಾಕ್ ಕುಯ್ದಿಲ್ಲ ಅಂದ್ಕಂಡಿದ್ದೀಯ?"

"ಕೊಲೆಸ್ಟ್ರಾಲ್ ಅಂದಿದ್ದಲ್ಲ ನೀನು!"

"ನಿಂಗೆಲ್ಲಿ ಕೊಲೆಸ್ಟ್ರಾಲು! ನಿಂಗಿರಾದು ಕೊಬ್ಬು."

ನೋಡಿದಿರಾ? ಸಂತೆಯಲ್ಲಿ ನಾನು ಬಿಟ್ಟ ಒಂದು ಮಾತು ಹೊಳೆ ದಾಟಿ ಬಂದು ಇನ್ನೊಬ್ಬರ ಮನೆಯ ಸಾರಿನ ಪಾತ್ರೆಗೆ ಕೈ ಹಾಕಿತ್ತು. ಪಾಪ, ಗೌಡರು ಇಷ್ಟು ದಿನ ವೈದ್ಯರ ಸಲಹೆ ಅಂದುಕೊಂಡು ಸೊಪ್ಪು ತಿಂದಿದ್ದರು.

ಶುಂಠಿ ವಿಷಯಕ್ಕೂ ಬಂದರು. ಅದು ಸ್ವಲ್ಪ ಹೊತ್ತು ನಡೆಯಿತು. ಅದನ್ನು ಬರೆಯುವುದಿಲ್ಲ, ಪತ್ರಿಕೆ ಮಕ್ಕಳೂ ಓದುತ್ತಾರೆ. ಆದರೆ ಅಷ್ಟೂ ಬೈಗುಳದಲ್ಲಿ ಒಂದು ನಿರಾಳ ಇತ್ತು. ದುಪ್ಪಟ್ಟು ಹೋಗಿಲ್ಲ ಅನ್ನುವ ನಿರಾಳ. ಗೌಡರಿಗೂ ಅದು ತಿಳಿಯಿತು. ತಲೆ ತಗ್ಗಿಸಿಕೊಂಡೇ ಬೈಸಿಕೊಂಡರು, ಆದರೆ ಕಾಫಿ ಪೂರ್ತಿ ಕುಡಿದರು.

"ಆಧಾರ್ ಕೊಡಮ್ಮ ತಾಯಿ," ಅಂದೆ.

"ಕೊಡ್ತೀನಿ. ನೀವೊಂದ್ ಕೆಲ್ಸ ಮಾಡಿ. ಇದೇ ರೇಟ್ನ ವಿಡಿಯೋದಲ್ ಯೋಳಿ. ನನ್ ಡೇರಿ ಹೆಂಗಸ್ರೆಲ್ಲ ಕೇಳ್ಬೇಕು. 'ನಿನ್ ಗಂಡ ಮೋಸೋದ' ಅಂತ ಆಡ್ಕಂಡವ್ರೆಲ್ಲ."

ನಾನು ಚೌಕಾಸಿಗೆ ಇಳಿದೆ. ಬಾಯಲ್ಲಿ ಹೇಳ್ತೀನಿ, ವಿಡಿಯೋ ಬೇಡ ಅಂದೆ. ಒಂದು ಪಂಪ್‌ಸೆಟ್‌ಗೆ ರಿಯಾಯಿತಿ ಕೊಡ್ತೀನಿ ಅಂದೆ. ಸರ್ವಿಸ್ ಫ್ರೀ ಅಂದೆ. ಹೆಂಗಸು ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಇನ್ನೂ ಒಂದು ಸುತ್ತು ಸಿಕ್ಕಿಸಿಕೊಂಡರು. ಮೂವತ್ತು ವರ್ಷದ ವ್ಯಾಪಾರದಲ್ಲಿ ಇಷ್ಟು ಬೇಗ ಸೋತ ನೆನಪಿಲ್ಲ.

ಕೊಟ್ಟಿಗೆ ಮುಂದೆ ನಿಲ್ಲಿಸಿದರು. ಎಡಕ್ಕೆ ಮುತ್ತ, ಬಲಕ್ಕೆ ರತ್ನ. ಹಾರ ಇಲ್ಲ. ಸಾಕಮ್ಮ ಮೊಬೈಲ್ ಹಿಡಿದರು. ನಿಜವಾದ ರೇಟ್ ಹೇಳಿದೆ. "ಕೇಳುಸ್ಲಿಲ್ಲ, ಇನ್ನೊಂದ್ಸಲ," ಅಂದರು. ಇನ್ನೊಂದು ಸಲ ಹೇಳಿದೆ. ಮುತ್ತ ನನ್ನ ಹೆಗಲ ಮೇಲಿದ್ದ ರಂಗಪ್ಪನ ಟವಲ್ ನೆಕ್ಕಿದ. ಎರಡೂ ಎತ್ತು ನನ್ನ ಹತ್ತಿರ ಇದ್ದಾಗಿನದಕ್ಕಿಂತ ಮೈ ತುಂಬಿಕೊಂಡಿದ್ದವು. ಅದೊಂದು ಸಮಾಧಾನ, ಅದೇ ಒಂದು ಹೊಟ್ಟೆಯುರಿ ಕೂಡ.

ಇಷ್ಟೆಲ್ಲ ಪಾಡು ಪಟ್ಟವನ ಮಾತು ಎಂದು ಒಂದೆರಡು ಬುದ್ಧಿಮಾತು ಕೇಳಿ, ಫೀಸ್ ಬೇಡ. ರಿಟರ್ನ್ ಹಾಕುವಾಗ ಯಾರೂ ಕಾಗದ ಕೇಳುವುದಿಲ್ಲ ಅಂತ ಕಾಗದವನ್ನು ಒಲೆಗೆ ಹಾಕಬೇಡಿ. ಅವರು ಕೇಳದೇ ಇರುವುದು ಆವತ್ತಿಗೆ ಮಾತ್ರ. ಎತ್ತು ಮಾರಿ, ಎಮ್ಮೆ ಮಾರಿ, ಅಲ್ಲೇ ಹಗ್ಗ ಕೈ ಬದಲಾಗುವ ಮುಂಚೆ ಒಂದು ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಆಗ ಕೊಳ್ಳುವವನಿಗೆ ಎತ್ತಿನ ಮೇಲೆ ಕಣ್ಣಿರುತ್ತೆ, ಏನು ಬೇಕಾದರೂ ಬರೆದುಕೊಡುತ್ತಾನೆ. ಆಮೇಲೆ ಅವನ ಕಣ್ಣು ಹೆಂಡತಿ ಮೇಲಿರುತ್ತೆ. ಇನ್ನು ವಿವರಣೆ ಬರೆಯುವಾಗ ಕೇಳಿದ್ದಷ್ಟೇ ಬರೆಯಿರಿ. ಅಲ್ಲಿ ಓದುವವರಿಗೆ ನಿಮ್ಮ ಎತ್ತಿನ ಕೊಂಬು ಬೇಡ. ಕಳಿಸಿದ ಮೇಲೆ ಸ್ವೀಕೃತಿ ಇಳಿಸಿಕೊಂಡು ಇಟ್ಟುಕೊಳ್ಳಿ. ಮತ್ತು ದಯವಿಟ್ಟು, ಹಾರ ಹಾಕಿಕೊಂಡಾಗ ಬಾಯಿ ಮುಚ್ಚಿಕೊಂಡಿರಿ.

ಹಾಸನದಲ್ಲಿ ಶ್ರುತಿ ಮೇಡಂ ಎಲ್ಲಾ ಸೇರಿಸಿದರು. ಗೌಡರ ಸಹಿ ಬಿದ್ದ ಪತ್ರ, ಆಧಾರ್ ನಕಲು, ಬ್ಯಾಂಕಿನ ಪುಟ. ಫೈಲ್ ಭಾರ ಜಾಸ್ತಿಯಾಯಿತು ಅಂತ ಪೋರ್ಟಲ್ ಒಮ್ಮೆ ವಾಪಸ್ ತಳ್ಳಿತು. ಕಲರ್ ಸ್ಕ್ಯಾನನ್ನು ಕಪ್ಪು ಬಿಳುಪು ಮಾಡಿದಾಗ ಒಳಗೆ ಬಿಟ್ಟುಕೊಂಡಿತು. ವಿವರಣೆ ನಾಲ್ಕೇ ಸಾಲು. ಒಂದು ಜೋಡಿ ಎತ್ತು, ಮಾರಿದ ದಿನ, ಕೊಂಡವರ ಹೆಸರು (ಇನಿಷಿಯಲ್ ಸಮೇತ), ರೇಟು. ಮುತ್ತ, ರತ್ನರ ಹೆಸರೂ ಇಲ್ಲ.

ಫೀಸು ಕೇಳಿದೆ. ಹೇಳಿದರು. "ಸ್ವಲ್ಪ ನೋಡ್ಕೊಳ್ಳಿ ಮೇಡಂ," ಅಂದೆ.

"ಇದು ಟವಲ್ ರೇಟೇ ಸರ್. ಬಾಯಿ ರೇಟ್ ಹೇಳಿದ್ರೆ ತಡ್ಕೊಳ್ಳಲ್ಲ ನೀವು."

ಕೊಟ್ಟುಬಂದೆ.

ಮೊನ್ನೆ ಇಲಾಖೆಯಿಂದ ಉತ್ತರ ಬಂತು. ವಿವರಣೆ ಒಪ್ಪಿದ್ದೇವೆ, ಪ್ರಕರಣ ಮುಗಿಯಿತು. ಒಂದೇ ಪತ್ರ, ಒಂದು ಸಹಿ, ಒಂದು ಆಧಾರ್. ಮುಖ ನೋಡದೆ ನಂಬಿದರು. ಖುಷಿಗೆ ಸಂತೆ ಕಡೆ ಹೋದೆ. ಬಾಗೂರಿನ ಪರಿಚಯದವನೊಬ್ಬ ಸಿಕ್ಕಿದ.

"ಏನಣ್ಣ, ಟ್ಯಾಕ್ಸ್‌ನೋರು ಇಡ್ಕಂಡ್ರಂತೆ? ಅದ್ಕೇ ಹೊಸಾ ವಿಡಿಯೋದಲ್ ರೇಟ್ ಇಳ್ಸಿದ್ಯಂತೆ?"

"ಇಳಿಸಿದ್ದಲ್ಲ ಕಣೋ, ಅದೇ ನಿಜ!"

"ಆಯ್ತು ಬುಡು, ನಮ್ಮತ್ರ ಯಾಕೆ. ಹಾರ ಹಾಕ್ಕಂಡಿದ್ದಾಗ ಹೇಳಿದ್ದೇ ನಿಜ ಅಂತ ಇಡೀ ಸಂತೇಗೇ ಗೊತ್ತು. ಇದು ಟ್ಯಾಕ್ಸಿಗೆ ಹೇಳಿದ್ದು. ನಾನಾಗಿದ್ರೂ ಅಂಗೇ ಹೇಳ್ತಿದ್ದೆ."

ಮೊಬೈಲ್ ತೆಗೆದು ಪತ್ರ ತೋರಿಸಿದೆ. ಸಹಿ ತೋರಿಸಿದೆ. ಇಲಾಖೆಯ ಉತ್ತರ ತೋರಿಸಿದೆ. ಅವನು ನನ್ನ ಬೆನ್ನು ತಟ್ಟಿದ. "ಪಕ್ಕಾ ಮಾಡಿದ್ದೀಯ," ಅಂದ.

ನಿಜ ಹೇಳಬೇಕೆಂದರೆ ನನಗೇನೂ ಬೇಜಾರಾಗಲಿಲ್ಲ. ಟ್ಯಾಕ್ಸ್ ಉಳಿಯಿತು, ಸಂತೆಯಲ್ಲಿ ಮರ್ಯಾದೆಯೂ ಉಳಿಯಿತು. ಎರಡೂ ಕೈಯಲ್ಲಿ ಲಾಡು ಹಿಡಿದುಕೊಂಡು ಮನೆಗೆ ಬಂದೆ.

ನಿನ್ನೆ ತಿಮ್ಮೇಗೌಡರು ಫೋನ್ ಮಾಡಿದರು. ಧ್ವನಿ ತೀರಾ ಮೆತ್ತಗಿತ್ತು, ಮೆದೆ ಹಿಂದಿನಿಂದಲೇ ಮಾತಾಡುತ್ತಿದ್ದಂತಿತ್ತು.

"ಅಣ್ಣಾ, ನಮ್ಮೂರ್ಗೂ ಬಂತು ಮಾತು. ನಿಮ್ ಟ್ಯಾಕ್ಸ್ ಉಳ್ಸಕ್ಕೆ ನಾನು ಕಮ್ಮಿ ಬರ್ಕೊಟ್ಟೆ ಅಂತ. ಡೇರಿ ಹೆಂಗಸ್ರು ಸಾಕಮ್ಮನ ಕಿವಿಗೆ ಹಾಕವ್ರೆ. ಭಾನುವಾರದ್ ಕೋಳಿ ಮತ್ತೆ ನಿಂತೈತೆ."

ಇಲಾಖೆಗೆ ಮೂರು ಪಿಡಿಎಫ್ ಸಾಕಾಯಿತು. ಸಾಕಮ್ಮನಿಗೆ ಇನ್ನೇನು ಲಗತ್ತಿಸಲಿ, ನೀವೇ ಹೇಳಿ?